ಸಿಸಿಆರ್5 ತೆಗೆದುಬಿಟ್ಟರೆ ಎಚ್‌ಐವಿ ಕಾಟ ತಪ್ಪುತ್ತದಾ?

ಎಚ್‌ಐವಿ ನಮ್ಮ ಜೀವಕೋಶದೊಳಗೆ ಬರಲು ಕೋಶದ ಮೈಮೇಲಿರುವ ಸಿಸಿಆರ್5 ಅನ್ನೋ ರಿಸೆಪ್ಟರ್ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನು) ಬೇಕಂತೆ, ಹಾಗಾದರೆ ಅದನ್ನು ಎಲ್ಲರಲ್ಲೂ ತೆಗೆದುಬಿಟ್ಟರೆ ಆಗಲ್ವಾ ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಅಲ್ಲೂ ವರ್ಷಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ.

ಆ ರಿಸೆಪ್ಟರ್ ಇರುವುದು ವೈರಸ್‌ಗಾಗಿ ಅಲ್ಲ, ನಮಗಾಗಿ. ನಮ್ಮ ಕಡೆ ಆಲೆಮನೆ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ಬೆಲ್ಲ ಕುದಿಯುವ ವಾಸನೆ ಯಾವ ಕಡೆ ಜಾಸ್ತಿಯೋ ಆ ಕಡೆ ಗಾಡಿ ತಿರುಗಿಸಿದರೆ ಸಾಕು. ಬಿಳಿ ರಕ್ತಕಣ ಮಾಡುವುದೂ ಇದನ್ನೇ. ವೈರಸ್ ಹೊಕ್ಕ ಜಾಗದಲ್ಲಿ ಕೀಮೋಕೈನ್ ಅನ್ನುವ ಪುಟ್ಟ ಪ್ರೋಟೀನುಗಳು ಹೊರಬೀಳುತ್ತವೆ. ಅವುಗಳ ವಾಸನೆ ಹಿಡಿಯುವ ಮೂಗೇ ಈ ರಿಸೆಪ್ಟರ್.

ಇಂಥ ಮೂಗುಗಳು ಸುಮಾರು 20 ಬಗೆ. ಸಿಎಕ್ಸ್‌ಸಿಆರ್3 ಅನ್ನುವ ಮೂಗಿರುವ ಟಿ ಕೋಶಗಳು (ಬಿಳಿ ರಕ್ತಕಣದ ಒಂದು ಬಗೆ) ಸೋಂಕು ತಗುಲಿದ ಜಾಗಕ್ಕೇ ನುಗ್ಗುತ್ತವೆ. ನನಗೆ ಇಷ್ಟವಾದದ್ದು ಸಿಸಿಆರ್7. ವೈರಸ್ಸಿನ ಚೂರು ಹೊತ್ತ ಡೆಂಡ್ರೈಟಿಕ್ ಅನ್ನುವ ಕಾವಲು ಕೋಶವನ್ನು ಹತ್ತಿರದ ದುಗ್ಧಗ್ರಂಥಿಗೆ ಕರೆದೊಯ್ಯುತ್ತದೆ. "ಕಳ್ಳ ಇವನೇ" ಅಂತ ಟಿ ಕೋಶಗಳಿಗೆ ತೋರಿಸುವುದು ಅಲ್ಲಿ. ಗಂಟಲು ಕೆಟ್ಟಾಗ ಕತ್ತಿನಲ್ಲಿ ಗಂಟು ಕೈಗೆ ಸಿಗುತ್ತದಲ್ಲ, ಅದು ಆ ಗ್ರಂಥಿಯೇ.

ಎಚ್‌ಐವಿ ಮಾತ್ರ ಮೂಗಿನ ಹೊಳ್ಳೆಯಿಂದಲೇ ಒಳಗೆ ನುಗ್ಗುವ ಖದೀಮ. ಮೊದಲು ಕೋಶದ ಮೇಲಿರುವ ಸಿಡಿ4 ಅನ್ನುವ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ, ಆಮೇಲೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಅನ್ನುವ ಮೂಗನ್ನು. ಈ ಎರಡನೇ ಹಿಡಿತ ಗೊತ್ತಾಗಿದ್ದು 1996ರಲ್ಲಿ. ಉತ್ತರ ಯುರೋಪ್ ಮೂಲದವರಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಒಬ್ಬರಿಗೆ ಸಿಸಿಆರ್5 ಜೀನಿನ ಎರಡೂ ಪ್ರತಿಯಲ್ಲಿ ಡಿಎನ್‌ಎಯ 32 ಅಕ್ಷರ ಬಿಟ್ಟುಹೋಗಿರುತ್ತವೆ, ಹಾಗಾಗಿ ಕೋಶದ ಮೇಲೆ ಆ ಮೂಗೇ ಇರುವುದಿಲ್ಲ. ನಮ್ಮಲ್ಲಿ ಇದು ತೀರಾ ಅಪರೂಪ. 2007ರಲ್ಲಿ ಬರ್ಲಿನ್‌ನಲ್ಲಿ ಎಚ್‌ಐವಿ ಇದ್ದ ಟಿಮೊತಿ ರೇ ಬ್ರೌನ್‌ಗೆ ರಕ್ತದ ಕ್ಯಾನ್ಸರ್ ಅಂತ ಅಂಥ ದಾನಿಯ ಸ್ಟೆಮ್ ಸೆಲ್ (ರಕ್ತಕಣ ಹುಟ್ಟಿಸುವ ಮೂಲ ಕೋಶ) ಹಾಕಿದರು. ಎಚ್‌ಐವಿ ಮತ್ತೆ ತಲೆ ಎತ್ತಲಿಲ್ಲ.

ಹಾಗಂತ ಎಲ್ಲರ ಮೂಗು ಕೊಯ್ಯುವುದಾ? ನಮ್ಮ ಗದ್ದೆ ಬಯಲಿನವರಿಗೆ ಗೊತ್ತಿರುವ ಮಿದುಳುಜ್ವರ ಜೆಇಗೆ (ಜಪಾನೀಸ್ ಎನ್ಸೆಫಲೈಟಿಸ್) ವೆಸ್ಟ್ ನೈಲ್ ಅನ್ನುವ ದಾಯಾದಿ ವೈರಸ್ ಇದೆ. ಅದೂ ಸೊಳ್ಳೆಯಿಂದಲೇ ಬರುತ್ತದೆ. ಸಿಸಿಆರ್5 ಇಲ್ಲದ ಇಲಿಗಳಿಗೆ ಅದು ತಗುಲಿದಾಗ ಕಾಪಾಡುವ ಕೋಶಗಳು ಮಿದುಳಿಗೆ ಸರಿಯಾಗಿ ತಲುಪಲೇ ಇಲ್ಲ. ಇಲಿಗಳು ಸತ್ತವು. ಇದೆಲ್ಲ ಗೊತ್ತಿದ್ದೂ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯ್ ಮನುಷ್ಯರ ಭ್ರೂಣದಲ್ಲೇ ಈ ಜೀನಿಗೆ ಕತ್ತರಿ ಹಾಕಿದ್ದು 2018ರಲ್ಲಿ ಬಯಲಾಯಿತು. ಜೈಲಿಗೂ ಹೋದ.

ಸಿಸಿಆರ್5 ಬಾಗಿಲು ಮುಚ್ಚಲು ಮಾರಾವಿರಾಕ್ ಮಾತ್ರೆ ಇದೆ. ಕೊಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಬೇಕು. ಒಳಗಿರುವ ವೈರಸ್ ಸಿಎಕ್ಸ್‌ಸಿಆರ್4 ಕಡೆಯಿಂದ ನುಗ್ಗುವ ಜಾತಿಯಾಗಿದ್ದರೆ ಆ ಮಾತ್ರೆ ನುಂಗಿ ಉಪಯೋಗವಿಲ್ಲ.