ಆಫ್‌ರೋಡ್ ಬೈಕ್ ಸವಾರಿಗೆ ಯಾವ ಜಿಪಿಎಸ್ ಮ್ಯಾಪ್ ಒಳ್ಳೆಯದು?

ಗೂಗಲ್ ಮ್ಯಾಪ್ ಸಾಕಾ, ಓಸ್ಮ್ಯಾಂಡ್ ಆ್ಯಪ್ ಹಾಕಿಕೊಳ್ಳಲಾ, ಇಲ್ಲ ದುಡ್ಡು ಕೂಡಿಸಿ ಗಾರ್ಮಿನ್ ಕಂಪನಿಯ ಜಿಪಿಎಸ್ ಸಾಧನ ತಗೊಳ್ಳಲಾ ಅಂತ ಕೇಳಿದ್ದೀರಿ. ಸಕಲೇಶಪುರದ ಕಡೆ ಹೋಗಲು ಯಾರೋ ಕೊಟ್ಟ ಜಿಪಿಎಕ್ಸ್ ಫೈಲ್ (ಮ್ಯಾಪಿನ ಮೇಲೆ ದಾರಿ ತೋರಿಸುವ ಫೈಲ್) ಇದೆ, ಬೇರೆಯವರ ಹತ್ತಿರ ಇದ್ದರೆ ಅದನ್ನೂ ಕಳಿಸಿ ಎಂದೂ ಬರೆದಿದ್ದೀರಿ. ನಾನೂ ಅದೇ ಸೀಮೆಗೆ, ಇನ್ನೊಬ್ಬರ ಫೈಲ್ ನಂಬಿಕೊಂಡೇ ಹೊರಟವನು. ಅದಕ್ಕೇ ಮೊದಲು ಫೈಲ್ ವಿಷಯ, ಮ್ಯಾಪ್ ಆಮೇಲೆ.

ನಮ್ಮ ಪರಿಚಯದವರೊಬ್ಬರು ಹೆತ್ತೂರಿನ ಆಚೆ ಕಾಫಿ ತೋಟಗಳ ನಡುವೆ ಹಾದು, ಒಂದು ಬೋಳುಗುಡ್ಡ ಹತ್ತಿ, ಆ ಕಡೆ ಇಳಿದು ಡಾಂಬರು ರಸ್ತೆ ಸೇರುವ ದಾರಿಯೊಂದನ್ನು ಬೇಸಿಗೆಯಲ್ಲಿ ಮುಗಿಸಿ ಬಂದಿದ್ದರು. ತೋಟದವರಿಗೆ ಹೇಳಿಟ್ಟಿದ್ದೇನೆ, ಆರಾಮಾಗಿ ಹೋಗಿ ಬನ್ನಿ ಎಂದು ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿದರು. ನಾನೂ ನನ್ನ ಚಿಕ್ಕಪ್ಪನ ಮಗನೂ ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಗೆ ಹೊರಟೆವು. ಇಬ್ಬರದ್ದೂ ಎಕ್ಸ್‌ಪಲ್ಸ್ ಬೈಕ್. ಫೈಲನ್ನು ಫೋನಿನ ಆ್ಯಪ್‌ನಲ್ಲಿ ತೆರೆದೆ, ನೇರಳೆ ಬಣ್ಣದ ಗೆರೆ ಬಂತು, ಹ್ಯಾಂಡಲ್‌ಗೆ ಸಿಕ್ಕಿಸಿದೆ. ಗೆರೆ ತಿರುಗಿದ ಕಡೆ ನಾವೂ ತಿರುಗಿದೆವು.

ಒಂದು ತೋಟದ ಉಣುಗೋಲು, ಅಂದರೆ ಗಳಗಳ ಗೇಟು, ದಾಟಿದ ಮೇಲೆ ದಾರಿ ಎರಡಾಯಿತು. ಮೇಲಿನದರಲ್ಲಿ ಜೀಪಿನ ಟಯರ್ ಗುರುತು ಹಸಿಹಸಿಯಾಗಿ ಇತ್ತು. ಕೆಳಗಿನದರಲ್ಲಿ ಎರಡು ಗಾಲಿ ಜಾಡಿನ ಮಧ್ಯೆ ಮೊಣಕಾಲೆತ್ತರ ಹುಲ್ಲು, ಜಾಡಿನ ತುಂಬ ಸಿಲ್ವರ್ ಓಕ್ ಎಲೆ ಉದುರಿ ಕೊಳೆತಿತ್ತು. ಗೆರೆ ಕೆಳಕ್ಕೆ ಹೋಗುತ್ತಿತ್ತು. "ಅಣ್ಣಾ, ಮೇಲಿನದ್ರಲ್ಲೇ ಅಲ್ವಾ ಗಾಡಿ ಓಡಾಡಿರೋದು?" ಅಂದ ತಮ್ಮ. "ಅವರು ಹೋಗಿ ಬಂದಿರೋ ದಾರಿ ಇದು, ಕೆಳಗೇ ತೋರಿಸ್ತಿದೆ ನೋಡು" ಅಂದೆ ನಾನು.

ಆ ಮಾತೇ ತಪ್ಪಾಗಿತ್ತು. ಅದು ಅವರು ಹೋಗಿ ಬಂದ ದಾರಿ ಆಗಿರಲಿಲ್ಲ.

ಇಳಿಜಾರು, ಜೇಡಿಮಣ್ಣು, ಮೇಲೆ ಎಲೆ. ಬ್ರೇಕ್ ಮುಟ್ಟಿದರೆ ಜಾರುತ್ತದೆ, ಬಿಟ್ಟರೆ ಓಡುತ್ತದೆ. ಕೆಳಗೆ ಹಳ್ಳ. ಅದರ ಮೇಲಿದ್ದ ಮೋರಿ ಕೊಚ್ಚಿಹೋಗಿ, ಒಂದು ಸಿಮೆಂಟ್ ಪೈಪೂ ನಾಲ್ಕು ಸೈಜುಗಲ್ಲೂ ಉಳಿದಿದ್ದವು. ನಾನು ಹೇಗೋ ಪಕ್ಕದ ದರೆಗೆ ಬೈಕ್ ಒರಗಿಸಿ ನಿಂತೆ. ತಮ್ಮನಿಗೆ ನಿಲ್ಲಲು ಜಾಗ ಇರಲಿಲ್ಲ. ಬೈಕ್ ಹಳ್ಳಕ್ಕೆ ಹೋಯಿತು, ಅವನು ಹೆಗಲು ಕೊಟ್ಟು ಕಲ್ಲಿನ ಮೇಲೆ ಬಿದ್ದ. ಹೆಗಲ ಹತ್ತಿರದ ಕಾಲರ್ ಬೋನ್ ಮುರಿಯಿತು. ಫೋನಿನಲ್ಲಿ ಒಂದು ಕಡ್ಡಿಯೂ ಸಿಗ್ನಲ್ ಇರಲಿಲ್ಲ. ಬಂದ ಇಳಿಜಾರನ್ನು ಬೈಕಿನಲ್ಲಿ ಹತ್ತುವುದು ಸಾಧ್ಯವೇ ಇರಲಿಲ್ಲ. ಅವನನ್ನು ಅಲ್ಲೇ ಕೂರಿಸಿ, ಕೈಯನ್ನು ನನ್ನ ಜರ್ಕಿನ್‌ನಿಂದ ಎದೆಗೆ ಕಟ್ಟಿ, ನಡೆದು ಮೇಲೆ ಹೋದೆ. ಕೂಲಿಯವರ ಲೈನ್ ಮನೆಗಳ ಹತ್ತಿರ ತೋಟದ ರೈಟರ್, ಅಂದರೆ ಲೆಕ್ಕ ನೋಡಿಕೊಳ್ಳುವವರು, ಸಿಕ್ಕರು. ಪಿಕಪ್ಪು, ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ಅವನನ್ನು ಎತ್ತಿಸಿ ಕರೆತಂದರು. "ಆ ಮೋರಿ ಹೋಗಿ ಎರಡು ಮಳೆಗಾಲ ಆಯ್ತಲ್ಲ ಸಾರ್, ನಾವೇ ಆ ಕಡೆ ಹೋಗಲ್ಲ. ಬೈಕ್ ಇವತ್ತು ಇಲ್ಲೇ ಬಿಡಿ, ಕತ್ತಲಾದ್ರೆ ಆನೆ ಓಡಾಟ" ಅಂದರು. ಹಾಸನದಲ್ಲಿ ಆಪರೇಷನ್ ಆಗಿ ಪ್ಲೇಟ್ ಹಾಕಿದರು. ತಿಂಗಳುಗಟ್ಟಲೆ ಅವನಿಗೆ ಆ ಕೈ ಎತ್ತಲು ಆಗುತ್ತಿರಲಿಲ್ಲ.

ಈಗ ಆದದ್ದೇನು ಅಂತ ಕೇಳಿ. ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಪೂರ್ತಿ ಓದಿ.

ಜಿಪಿಎಕ್ಸ್ ಫೈಲ್ ಒಳಗೆ ಮೂರು ಬಗೆಯ ಸರಕು ಇರಬಹುದು: ವೇಪಾಯಿಂಟ್, ಟ್ರ್ಯಾಕ್, ರೂಟ್. ವೇಪಾಯಿಂಟ್ ಅಂದರೆ ಒಂದು ಜಾಗದ ಗುರುತು, ಅಷ್ಟೆ. ಟ್ರ್ಯಾಕ್ ಅಂದರೆ ಒಬ್ಬರು ನಿಜವಾಗಿ ಹೋದಾಗ ಸಾಧನ ಪ್ರತಿ ಕೆಲವು ಸೆಕೆಂಡಿಗೋ ಕೆಲವು ಮೀಟರಿಗೋ ಬರೆದಿಟ್ಟ ಚುಕ್ಕಿಗಳು, ಸಾವಿರಗಟ್ಟಲೆ. ರೂಟ್ ಹಾಗಲ್ಲ. ಅದರಲ್ಲಿ ಇರುವುದು ಬೆರಳೆಣಿಕೆಯ ಬಿಂದುಗಳು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇನ್ನೊಂದು ಕಡೆಗೆ ಹೋಗು ಎನ್ನುತ್ತದೆ, ಮಧ್ಯೆ ಹೇಗೆ ಹೋಗಬೇಕು ಎಂದು ಹೇಳುವುದಿಲ್ಲ. ಮಧ್ಯದ ದಾರಿಯನ್ನು ಹುಡುಕುವುದು ನಿಮ್ಮ ಫೋನು, ನಿಮ್ಮ ಫೋನಿನಲ್ಲಿರುವ ಮ್ಯಾಪ್ ನೋಡಿ, ನಿಮ್ಮ ಸೆಟ್ಟಿಂಗ್ ನೋಡಿ.

ಆ ಮಹಾನುಭಾವರು ಹೋಗಿ ಬಂದದ್ದು ನಿಜ. ಆದರೆ ನನಗೆ ಕಳಿಸಿದ್ದು ಹೋಗುವ ಮುಂಚೆ ಕಂಪ್ಯೂಟರ್‌ನಲ್ಲಿ ಕೂತು ಮಾಡಿಕೊಂಡಿದ್ದ ರೂಟ್. ಉಣುಗೋಲಿನ ಹತ್ತಿರ ಒಂದು ಬಿಂದು, ಗುಡ್ಡದ ನೆತ್ತಿಯ ಮೇಲೆ ಇನ್ನೊಂದು. ಅವರ ಮ್ಯಾಪ್‌ನಲ್ಲಿ ಮೇಲಿನ ಜೀಪ್ ದಾರಿ ಇತ್ತು, ಅವರ ಸಾಧನ ಅದರ ಮೇಲೆ ಗೆರೆ ಎಳೆಯಿತು. ನನ್ನ ಫೋನಿನಲ್ಲಿದ್ದದ್ದು ಹಳೆಯ ಡೌನ್‌ಲೋಡ್. ಅದರಲ್ಲಿ ಮೇಲಿನ ದಾರಿ ಕಾಲುದಾರಿ ಎಂದು ದಾಖಲಾಗಿತ್ತು. ಗಾಡಿಗೆ ಕಾಲುದಾರಿ ಆಗುವುದಿಲ್ಲ ಎಂದು ಆ್ಯಪ್ ಅದನ್ನು ಬಿಟ್ಟು, ಕೆಳಗಿನ ಸತ್ತ ದಾರಿಯ ಮೇಲೆ ಗೆರೆ ಹರಿಸಿತು. ಫೈಲ್ ಒಂದೇ, ಬಿಂದುಗಳೂ ಅವೇ, ದಾರಿ ಮಾತ್ರ ಬೇರೆ. ಆ್ಯಪ್ ಕೊಟ್ಟ ಕೆಲಸ ಮಾಡಿತು. ಆ ಗೆರೆಯನ್ನು ಬಿಡಿಸಿದ್ದು ಹೋಗಿ ಬಂದ ಮನುಷ್ಯ ಎಂದು ನಾನು ಅಂದುಕೊಂಡಿದ್ದೆ, ಬಿಡಿಸಿದ್ದು ನನ್ನ ಜೇಬಿನ ಫೋನು. ಕವಲಿನಲ್ಲಿ ಕಣ್ಣೆದುರು ಟಯರ್ ಗುರುತು ಇದ್ದರೂ ಗೆರೆಗೆ ಹೆಚ್ಚು ಬೆಲೆ ಕೊಟ್ಟದ್ದು ಅದೇ ಕಾರಣಕ್ಕೆ.

ನಿಮ್ಮ ಕೈಲಿರುವ ಫೈಲ್ ಯಾವುದು ಅಂತ ಈಗಲೇ ನೋಡಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಟಿ-ಆರ್-ಕೆ ಎಂಬ ಅಕ್ಷರಗಳಿದ್ದರೆ ಟ್ರ್ಯಾಕ್, ಆರ್-ಟಿ-ಇ ಇದ್ದರೆ ರೂಟ್. ಟ್ರ್ಯಾಕ್ ಆಗಿದ್ದರೂ ಪ್ರತಿ ಚುಕ್ಕಿಯ ಜೊತೆ ದಿನಾಂಕ, ಸಮಯ ಇದೆಯೇ ನೋಡಿ. ಸಮಯ ಇಲ್ಲದಿದ್ದರೆ ಅದು ಕೂತಲ್ಲೇ ಬಿಡಿಸಿ ಟ್ರ್ಯಾಕ್ ಆಗಿ ಉಳಿಸಿದ್ದಿರಬಹುದು. ಸಮಯ ಇದ್ದರೆ ತಿಂಗಳು ನೋಡಿ. ಫೆಬ್ರವರಿಯ ಟ್ರ್ಯಾಕ್ ಹಿಡಿದು ಜುಲೈನಲ್ಲಿ ಮಲೆನಾಡಿಗೆ ಹೋಗಬಾರದು. ಇನ್ನು ಕಣ್ಣಿಗೇ ಕಾಣುವ ಗುರುತು ಒಂದಿದೆ: ಮ್ಯಾಪನ್ನು ಪೂರ್ತಿ ಹತ್ತಿರಕ್ಕೆ ಎಳೆದು ನೋಡಿ. ಬಿಡಿಸಿದ ಗೆರೆ ಮ್ಯಾಪಿನ ರಸ್ತೆಯ ನಟ್ಟನಡುವೆ ಅಚ್ಚುಕಟ್ಟಾಗಿ ಕೂತಿರುತ್ತದೆ. ನಿಜವಾಗಿ ಹೋದವರ ಗೆರೆ ಅತ್ತಿತ್ತ ವಾಲಾಡುತ್ತದೆ, ಅವರು ನಿಂತು ಬುತ್ತಿ ಬಿಚ್ಚಿದ ಜಾಗದಲ್ಲಿ ದಾರದ ಉಂಡೆಯ ಹಾಗೆ ಸುತ್ತಿಕೊಂಡಿರುತ್ತದೆ. ನಾನೀಗ ಆ ಉಂಡೆ ಕಾಣದೆ ಯಾರ ಫೈಲನ್ನೂ ನಂಬುವುದಿಲ್ಲ.

ಟ್ರ್ಯಾಕನ್ನೂ ಕೆಲವು ಆ್ಯಪ್‌ಗಳು ಹತ್ತಿರದ ರಸ್ತೆಗೆ ಅಂಟಿಸಿ ಬದಲಿಸುತ್ತವೆ. ಅದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಬಿಡಿ. ನ್ಯಾವಿಗೇಷನ್ ಶುರು ಮಾಡದೆ, ಟ್ರ್ಯಾಕನ್ನು ಮ್ಯಾಪಿನ ಮೇಲೆ ಬರೀ ಗೆರೆಯಾಗಿ ಹಾಸಿಕೊಂಡು, ನಿಮ್ಮ ಬಾಣ ಅದರ ಮೇಲೆ ಇದೆಯೇ ಎಂದು ನೋಡುತ್ತ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ದಟ್ಟ ಮರಗಳ ಕೆಳಗೆ, ಕಿರಿದಾದ ಕಣಿವೆಯಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಕವಲಿನಲ್ಲಿ ದಾರಿ ತಪ್ಪಲು ಅಷ್ಟು ಸಾಕು. ಆದ್ದರಿಂದ ಕವಲು ಬಂದಾಗ ಐವತ್ತು ಅರವತ್ತು ಮೀಟರ್ ಮುಂದೆ ಹೋಗಿ ನಿಂತು, ಬಾಣ ಯಾವ ಗೆರೆಯ ಮೇಲೆ ಕೂತಿದೆ ನೋಡಿ.

ಈಗ ನಿಮ್ಮ ಮೂಲ ಪ್ರಶ್ನೆ. ಯಾವ ಮ್ಯಾಪ್ ಅನ್ನುವುದು ನೀವು ಅಂದುಕೊಂಡಷ್ಟು ದೊಡ್ಡ ಆಯ್ಕೆ ಅಲ್ಲ. ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎರಡೂ ತೋರಿಸುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನೇ. ಗಾರ್ಮಿನ್‌ಗೆ ಉಚಿತವಾಗಿ ಸಿಗುವ ಮ್ಯಾಪ್‌ಗಳಲ್ಲಿ ಬಹಳಷ್ಟು ಅದರಿಂದಲೇ ತಯಾರಾದವು. ಹತ್ತಾರು ಸಾವಿರ ಕೊಟ್ಟು ಗಾರ್ಮಿನ್ ತಗೊಂಡು ಆ ಮ್ಯಾಪ್ ಹಾಕಿಕೊಂಡರೆ ಪರದೆ ಗಟ್ಟಿ, ಮಳೆಗೆ ಹೆದರುವುದಿಲ್ಲ, ಅಷ್ಟೇ ಲಾಭ. ಆ ಸತ್ತ ದಾರಿ ಅದರಲ್ಲೂ ಇರುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದದ್ದು, ಯಾರು ಬೇಕಾದರೂ ಗೆರೆ ಬಿಡಿಸಬಹುದು. ಅದರ ಶಕ್ತಿಯೂ ತೊಡಕೂ ಅದೇ. ತೋಟ, ಹೊಲದ ಮಣ್ಣುದಾರಿಗಳಿಗೆ ಅದರಲ್ಲಿ 1ರಿಂದ 5ರವರೆಗೆ ದರ್ಜೆ ಇದೆ. 1 ಅಂದರೆ ಗಟ್ಟಿ ನೆಲ, 5 ಅಂದರೆ ಮೆತ್ತನೆ ಮಣ್ಣು. ದರ್ಜೆ ಬರೆದಿರುವ ಕಡೆ ತುಂಬ ಉಪಯೋಗ. ನಮ್ಮ ಕಡೆ ಎಷ್ಟೋ ದಾರಿಗಳಿಗೆ ಬರೆದೇ ಇಲ್ಲ. ಉಪಗ್ರಹದ ಚಿತ್ರ ನೋಡಿ ಬಿಡಿಸಿದ್ದೂ ಬಹಳ. ಕಾಫಿ ತೋಟಕ್ಕೆ ನೆರಳಿನ ಮರ ಇರುತ್ತದೆ, ಕೆಳಗಿನ ದಾರಿ ಮೇಲಿಂದ ಕಾಣುವುದಿಲ್ಲ. ಅಲ್ಲಲ್ಲಿ ಕಂಡ ತುಂಡುಗಳನ್ನು ಊಹೆಯಿಂದ ಜೋಡಿಸಿರುತ್ತಾರೆ.

ಗೂಗಲ್ ಮ್ಯಾಪನ್ನು ಕೊನೆಯ ಪೆಟ್ರೋಲ್ ಬಂಕಿನವರೆಗೆ ಬಳಸಿ. ಆಫ್‌ಲೈನ್ ಇಳಿಸಿಕೊಳ್ಳಬಹುದು, ಆದರೆ ಆಗ ಗುಡ್ಡದ ಏರಿಳಿತ ತೋರಿಸುವ ಕಾಂಟೂರ್ ಗೆರೆ ಇರುವುದಿಲ್ಲ. ಕಾಂಟೂರ್ ಇಲ್ಲದ ಮ್ಯಾಪ್ ಹಿಡಿದು ಘಟ್ಟದಲ್ಲಿ ಮಣ್ಣುದಾರಿಗೆ ಇಳಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಾನು ಹೆಚ್ಚು ನೆಚ್ಚಿಕೊಂಡಿರುವುದು ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ಗುಡ್ಡ, ಹಳ್ಳ, ಏರಿಳಿತ ತೋರಿಸುವ ನಕ್ಷೆ. ಅವರ ಆನ್‌ಲೈನ್ ಪೋರ್ಟಲ್‌ನಲ್ಲಿ ಪಿಡಿಎಫ್ ಉಚಿತ. ಅಳತೆ 1:50,000, ಅಂದರೆ ಹಾಳೆಯ ಮೇಲೆ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಕಾಂಟೂರ್ ಗೆರೆಗಳ ನಡುವೆ 20 ಮೀಟರ್ ಎತ್ತರದ ಅಂತರ. ನಿಮ್ಮ ದಾರಿ ಆ 2 ಸೆಂಟಿಮೀಟರ್‌ನಲ್ಲಿ ಹತ್ತು ಗೆರೆ ದಾಟಿದರೆ 1 ಕಿಲೋಮೀಟರ್‌ಗೆ 200 ಮೀಟರ್ ಇಳಿತ, ಶೇಕಡಾ 20. ಒದ್ದೆ ಜೇಡಿಮಣ್ಣಿನಲ್ಲಿ ಲಗೇಜ್ ಕಟ್ಟಿದ ಬೈಕಿಗೆ ಅದು ಇಳಿಯುವ ದಾರಿ ಅಲ್ಲ. ನಾವು ಜಾರಿದ ಇಳಿಜಾರನ್ನು ಆಮೇಲೆ ಶೀಟಿನಲ್ಲಿ ನೋಡಿದೆ, ಗೆರೆಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿದ್ದವು, ಕೆಳಗೆ ಹಳ್ಳದ ನೀಲಿ. ಮನೆಯಲ್ಲೇ ಗೊತ್ತಾಗಬಹುದಿತ್ತು. ಟೋಪೋಶೀಟಿನ ದಾರಿಗಳು ಹಳೆಯವು, ಅವನ್ನು ನಂಬಬೇಡಿ. ಗುಡ್ಡ, ಏಣು, ಹಳ್ಳ ಜಾಗ ಬದಲಿಸುವುದಿಲ್ಲ, ಅವನ್ನು ನಂಬಿ.

ಆ್ಯಪ್‌ಗಳಲ್ಲಿಯೂ ಕಾಂಟೂರ್ ಬರುತ್ತದೆ. ಅದರಲ್ಲಿ ಹೆಚ್ಚಿನದು 2000ನೇ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಮಾಹಿತಿ. ದಟ್ಟ ಕಾಡಿನಲ್ಲಿ ಆ ರೇಡಾರ್‌ಗೆ ನೆಲಕ್ಕಿಂತ ಮರದ ತಲೆ ಸಿಕ್ಕಿರುವುದುಂಟು, ಸಣ್ಣ ಕೊರಕಲು ಮುಚ್ಚಿಹೋಗುತ್ತದೆ.

ಇನ್ನು ಮಳೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನಿಮಗೂ ನೆನಪಿರಬಹುದು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೂ ಆಗ ಮಣ್ಣು ಬಂದಿತ್ತು. ರೈಲು ಹಳಿಗೇ ಹಾಗಾದ ಮೇಲೆ ತೋಟದ ಮೋರಿ ಯಾವ ಲೆಕ್ಕ? ಅದು ಹೋದ ಸುದ್ದಿ ಯಾವ ಮ್ಯಾಪಿಗೂ ತಾನಾಗಿ ತಲುಪುವುದಿಲ್ಲ. ಗೊತ್ತಿರುವುದು ರೈಟರ್‌ಗೆ, ಹಾಲಿನ ಡೈರಿಯವರಿಗೆ, ಬಾಡಿಗೆ ಜೀಪ್ ಓಡಿಸುವವರಿಗೆ. ಮುಂದೆ ದಾರಿ ಇದೆಯಾ ಅಂತ ಕೇಳಬೇಡಿ, ಇದೆ ಅಂತಾರೆ, ನಡೆಯುವವರಿಗೆ ಇದ್ದೇ ಇರುತ್ತದೆ. ಈ ಮಳೆಗಾಲ ಆದ ಮೇಲೆ ಜೀಪ್ ಹೋಗಿದೆಯಾ ಅಂತ ಕೇಳಿ.

ಫೋನಿನ ವಿಷಯ ಚುಟುಕಾಗಿ ಹೇಳುತ್ತೇನೆ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಮ್ಯಾಪ್ ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಬೈಕಿನ ನಡುಕಕ್ಕೆ ಫೋನಿನ ಕ್ಯಾಮೆರಾ ಕೆಡಬಹುದು, ಐಫೋನಿಗೆ ಹಾಗಾಗಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಹಳೆಯ ಫೋನೊಂದನ್ನು ಹ್ಯಾಂಡಲ್‌ಗೆ ಕಟ್ಟಿ, ಒಳ್ಳೆಯದನ್ನು ಒಳಜೇಬಿನಲ್ಲಿ ಇಡಿ. ಟೋಪೋಶೀಟಿನ ಬೇಕಾದ ತುಂಡನ್ನು ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಟ್ಯಾಂಕ್ ಬ್ಯಾಗಿಗೆ ಸೇರಿಸಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ ತುರ್ತು ಸಂಖ್ಯೆ 112 ಒತ್ತಿ ನೋಡಿ, ಬೇರೆ ಯಾವುದಾದರೂ ಟವರ್ ಸಿಕ್ಕರೆ ಕರೆ ಹೋಗುತ್ತದೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥದ್ದನ್ನು ವಿದೇಶದಿಂದ ತಂದು ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಸರ್ಕಾರದ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ.

ನನ್ನ ಜಿಪಿಎಕ್ಸ್ ಫೈಲ್ ಮಾತ್ರ ಕಳಿಸುವುದಿಲ್ಲ. ಅವು ಹಾದುಹೋಗುವುದು ಖಾಸಗಿ ತೋಟಗಳಲ್ಲಿ, ಆ ಮನೆಯವರು ಬಿಟ್ಟದ್ದು ನನ್ನನ್ನು, ನನ್ನ ಫೈಲ್ ಇರುವವರನ್ನೆಲ್ಲ ಅಲ್ಲ. ಮ್ಯಾಪ್‌ನಲ್ಲಿ ಗೆರೆ ಇದೆ ಎಂದ ಮಾತ್ರಕ್ಕೆ ಹೋಗಲು ಹಕ್ಕಿಲ್ಲ. ಹೆತ್ತೂರಿನ ಆಚೆ ಸಿಗುವ ಬಿಸಿಲೆಯ ಪಕ್ಕದಲ್ಲೇ ಪುಷ್ಪಗಿರಿ ವನ್ಯಜೀವಿಧಾಮ ಇದೆ, ದೂರ ಉತ್ತರಕ್ಕೆ ಹೋದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಒಳಗೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮೊದಲು, ಆನೆ ಓಡಾಡುವ ಜಾಗದಲ್ಲಿ ಸೈಲೆನ್ಸರ್ ಸದ್ದು ಮಾಡಿಕೊಂಡು ಹೋಗುವ ಕೆಲಸ ನಮಗೆ ಬೇಡ.

ಕಲಿಯಲು ಸಾರ್ವಜನಿಕ ರಸ್ತೆಯೇ ಸಾಕು. ಸಕಲೇಶಪುರದಿಂದ ಹೆತ್ತೂರು, ವಣಗೂರು ಕೂಡುರಸ್ತೆ, ಬಿಸಿಲೆ, ಅಲ್ಲಿಂದ ಇಳಿದು ಸುಬ್ರಹ್ಮಣ್ಯ. ಹೊರಡುವ ಮುಂಚೆ ಟೋಪೋಶೀಟಿನಲ್ಲಿ ಏರು, ಇಳಿಜಾರು, ಹಳ್ಳಗಳನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ. ಹೋಗುವಾಗ ಟ್ರ್ಯಾಕ್ ರೆಕಾರ್ಡಿಂಗ್ ಹಾಕಿ. ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪೆನ್ಸಿಲ್ ಗುರುತಿಗೂ ನಿಮ್ಮ ಬೈಕು ಹತ್ತಿ ಇಳಿದದ್ದಕ್ಕೂ ತಾಳೆಯಾದ ಮೇಲೆ ಗಾರ್ಮಿನ್ ಬೇಕೋ ಬೇಡವೋ ಎಂದು ಯೋಚಿಸಬಹುದು.