ಬಿಬಿಸಿ ಅಲ್ಬಾ ಉಳಿಸೋಕೆ ಯಾರಿಗೆ ಬರೀಬೇಕು

ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಟೀವಿ ಚಾನೆಲ್ ಬಿಬಿಸಿ ಅಲ್ಬಾ ಉಳಿಸಿ ಅಂತ ಎಂಎಸ್‌ಪಿಗೆ (ಸ್ಕಾಟಿಷ್ ಪಾರ್ಲಿಮೆಂಟ್ ಸದಸ್ಯರಿಗೆ) ಬರೆದ್ರೆ "ಇದು ನಮ್ಮ ಕೈಲಿಲ್ಲ" ಅಂದ್ರು, ಮನೇಲಿ ಕನ್ನಡ, ಸ್ಕೂಲಲ್ಲಿ ಗೇಲಿಕ್, ಇನ್ಯಾರಿಗೆ ಬರೀಲಿ ಅಂತ ಕೇಳಿದ್ರಿ. ಅವರು ಹಾಗಂದಿದ್ದು ಯಾಕಂದ್ರೆ ಬ್ರಾಡ್‌ಕಾಸ್ಟಿಂಗ್ ಅಧಿಕಾರ ಇರೋದು ಲಂಡನ್ ಪಾರ್ಲಿಮೆಂಟಿಗೆ, ಆದ್ರೆ ಬಿಬಿಸಿ ಜೊತೆ ಸೇರಿ ಚಾನೆಲ್ ನಡೆಸೋ ಎಂಜಿ ಅಲ್ಬಾ ಅನ್ನೋ ಸಂಸ್ಥೆಗೆ ದುಡ್ಡು ಕೊಡೋದು ಸ್ಕಾಟಿಷ್ ಸರ್ಕಾರ, ಈ ಎರಡರ ಮಧ್ಯೆ ಗೇಲಿಕ್ ಸಿಕ್ಕಾಕ್ಕೊಂಡಿದೆ. ನನಗೂ ಇದೇ ಉತ್ತರ ಬಂದಿತ್ತು.

ಮೊದಲು ನಿಮ್ಮ ಎಂಪಿಗೆ (ಲಂಡನ್ ಪಾರ್ಲಿಮೆಂಟ್ ಸದಸ್ಯರಿಗೆ) ಬರೀರಿ, ಮನೆ ವಿಳಾಸ, ಪೋಸ್ಟ್‌ಕೋಡ್ ಮರೀಬೇಡಿ, ಇಲ್ಲಾಂದ್ರೆ ತಮ್ಮ ಕ್ಷೇತ್ರದವರು ಅಂತ ಗೊತ್ತಾಗದೆ ಪಕ್ಕಕ್ಕಿಡ್ತಾರೆ. ಬಿಬಿಸಿ ಹೇಗೆ ನಡೀಬೇಕು ಅಂತ ಹೇಳೋ ಚಾರ್ಟರ್ 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ, ಹೊಸದರಲ್ಲಿ ಗೇಲಿಕ್‌ಗೆ ಖಾತ್ರಿ ಹಣ ಬರೆದಿಡಿ ಅಂತ ನೇರವಾಗಿ ಕೇಳಿ. ವೇಲ್ಸ್‌ನ ವೆಲ್ಷ್ ಭಾಷೆಯ ಚಾನೆಲ್ ಎಸ್‌ಫೋರ್‌ಸಿ ಉದಾಹರಣೆ ಕೊಡಿ, ಅದಕ್ಕೆ 2022ರಿಂದ ಸಾರ್ವಜನಿಕ ಹಣ ಪೂರ್ತಿ ಟೀವಿ ನೋಡೋಕೆ ಜನ ಕಟ್ಟೋ ಲೈಸೆನ್ಸ್ ಫೀಯಿಂದಲೇ ಬರ್ತಿದೆ.

ಆಮೇಲೆ ಅದೇ ಎಂಎಸ್‌ಪಿಗೆ ಇನ್ನೊಂದ್ಸಲ, ಈ ಸಲ ಬರೀ ಸ್ಕಾಟಿಷ್ ಬಜೆಟ್ ಬಗ್ಗೆ, ಅದು ಅವರ ಕೈಲೇ ಇದೆ.

ರೆಡಿಮೇಡ್ ಪತ್ರ ಕಾಪಿ ಮಾಡ್ಬೇಡಿ. ಮನೇಲಿ ಕನ್ನಡ, ಸ್ಕೂಲಲ್ಲಿ ಗೇಲಿಕ್ ಅಂದ್ರಲ್ಲ, ಅದನ್ನೇ ಬರೀರಿ. ನಮ್ಮ ಮಗಳು ಹಾಲಿನ ಲೋಟ ಹಿಡ್ಕೊಂಡು ಟೀವಿ ಮುಂದೆ ಕೂತು "ಮಾತಿನ್ ವಾ" ಅಂತ ಶುಭೋದಯ ಹೇಳ್ತಾಳೆ, ಸ್ಕೂಲ್ ಬಿಟ್ರೆ ಅವಳಿಗೆ ಆ ಭಾಷೆ ಕೇಳ್ಸೋದು ಅಲ್ಲಿ ಮಾತ್ರ, ನಾನು ಅದನ್ನೇ ಬರೆದಿದ್ದೆ. ಪತ್ರದಿಂದ ದುಡ್ಡು ಬಂದೇ ಬರುತ್ತೆ ಅಂತ ಹೇಳೋಕಾಗಲ್ಲ, ಆದ್ರೆ ಚಾರ್ಟರ್ ಫೈನಲ್ ಆಗೋ ಮುಂಚೆ ಬರೆದ್ರೇನೆ ಉಪಯೋಗ, ಈ ವಾರಾನೇ ಕಳ್ಸಿ.