ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಒಂದೇ ಸಾಲಿನಲ್ಲಿ ದಾಳ

(ಕೋಡ್‌ನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ; ಜಾವಾಸ್ಕ್ರಿಪ್ಟ್‌ನ Math, ಅರ್ಡುಯಿನೊದ randomSeed ಮಾತ್ರ ಹೀಗೇ ಇರಲಿ. ಪೈಥಾನ್ ಉದಾಹರಣೆಗಳಿಗೆಲ್ಲ ಮೊದಲ ಸಾಲು: ಫ್ರಮ್ ರ್ಯಾಂಡಮ್ ಇಂಪೋರ್ಟ್ *)

ಪ್ರಶ್ನೆ: ಆರು ಮುಖದ ದಾಳಕ್ಕೆ ರೌಂಡ್(ರ್ಯಾಂಡಮ್()*6) ಎಂದು ಬರೆದೆ. ಆಗಾಗ 0 ಬರುತ್ತದೆ. 0 ಬಂದರೆ ಮತ್ತೆ ಎಸೆಯುವಂತೆ ಮಾಡಿದ್ದೇನೆ. ಸರಿಯೇ?
— ಓದುಗರು, ಧಾರವಾಡ

ಉತ್ತರ: ಸರಿಯಲ್ಲ. 0 ಹೋಯಿತು, ತಪ್ಪು ಉಳಿಯಿತು. ರ್ಯಾಂಡಮ್() ಕೊಡುವುದು 0 ಮತ್ತು 1ರ ನಡುವಿನ ದಶಮಾಂಶ. ಅದನ್ನು 6ರಿಂದ ಗುಣಿಸಿದ ಮೇಲೆ ರೌಂಡ್ ಹತ್ತಿರದ ಪೂರ್ಣಾಂಕಕ್ಕೆ ಹೋಗುವುದರಿಂದ 1ರಿಂದ 5ರವರೆಗಿನ ಪ್ರತಿ ಸಂಖ್ಯೆಗೂ ಒಂದಿಡೀ ಅಂತರ ಸಿಗುತ್ತದೆ. ತುದಿಯ 0 ಮತ್ತು 6ಕ್ಕೆ ಅರ್ಧರ್ಧ ಮಾತ್ರ. 0 ಬಂದಾಗ ಮತ್ತೆ ಎಸೆದರೂ ನಿಮ್ಮ ದಾಳದಲ್ಲಿ 6 ಬೀಳುವುದು 11ಕ್ಕೆ 1 ಸಲ, ಉಳಿದವು 11ಕ್ಕೆ 2 ಸಲ. ಆಟದಲ್ಲಿ ಎಲ್ಲರೂ ಕಾಯುವುದೇ ಆ 6ಕ್ಕೆ!

ರೌಂಡ್ ಬಿಟ್ಟು ದಶಮಾಂಶವನ್ನು ಕತ್ತರಿಸಿ, 1 ಕೂಡಿಸಿ: ಇಂಟ್(ರ್ಯಾಂಡಮ್()*6)+1. ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೂ ಗಿಡ್ಡ ದಾರಿಯಿದೆ: -~(ಮ್ಯಾಥ್.ರ್ಯಾಂಡಮ್()*6). ಅಲೆಗೆರೆ (~) ದಶಮಾಂಶ ಕತ್ತರಿಸಿ, 1 ಕೂಡಿಸಿ, ಚಿಹ್ನೆ ತಿರುಗಿಸುತ್ತದೆ. ಹಿಂದಿನ ಮೈನಸ್ ಚಿಹ್ನೆಯನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಇದನ್ನೇ ಪೈಥಾನ್‌ಗೆ ಕೊಟ್ಟರೆ ದಶಮಾಂಶ ಸಂಖ್ಯೆಯ ಮೇಲೆ ಅಲೆಗೆರೆ ನಡೆಯದು ಎಂದು ದೋಷ ತೋರಿಸುತ್ತದೆ.

ಪ್ರಶ್ನೆ: ಚೌಕಾಬಾರದ ನಾಲ್ಕು ಕವಡೆಗೆ ಕೋಡ್ ಬರೆಯುತ್ತಿದ್ದೇನೆ. ಇಫ್-ಎಲ್ಸ್ ಸೇರಿ ಹದಿನೈದಿಪ್ಪತ್ತು ಸಾಲಾಗಿದೆ. ಬದಲಿಗೆ 1, 2, 3, 4, 8 ಇವುಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿದರೆ ಸಾಲದೆ?
— ಓದುಗರು, ಮೈಸೂರು

ಉತ್ತರ: ಸಾಲದು. ಹಾಗೆ ಆರಿಸಿದರೆ ಐದು ಎಸೆತಕ್ಕೊಂದು ಬಾರ (8) ಬೀಳುತ್ತದೆ; ಅಂಥ ಆಟವನ್ನು ಮನೆಯ ಹಿರಿಯರು ಎರಡು ಸುತ್ತಿನಲ್ಲೇ ಮಡಚಿ ಇಡುತ್ತಾರೆ. ನಾಲ್ಕು ಕವಡೆಗಳು ಅಂಗಾತ ಅಥವಾ ಬೋರಲಾಗಿ ಬೀಳಲು ಒಟ್ಟು 16 ಬಗೆ. ಅದರಲ್ಲಿ 1 (ಒಂದೇ ಕವಡೆ ಅಂಗಾತ) ಬರುವುದು 4 ಬಗೆಯಲ್ಲಿ, 2 ಬರುವುದು 6, 3 ಬರುವುದು 4. ನಾಲ್ಕೂ ಅಂಗಾತವಾಗಿ ಚೌಕ (4) ಒಂದೇ ಬಗೆ, ನಾಲ್ಕೂ ಬೋರಲಾಗಿ ಬಾರ ಒಂದೇ ಬಗೆ. ಈ ಲೆಕ್ಕವನ್ನೇ ಅಕ್ಷರಮಾಲೆಯಾಗಿ ಬರೆದುಬಿಡಿ:

ಇಂಟ್(ಚಾಯ್ಸ್("8111122222233334"))

ಇಷ್ಟೇ. ಅಂಕಿಗಳ ಕ್ರಮ ಹೇಗಿದ್ದರೂ ನಡೆಯುತ್ತದೆ, ಎಣಿಕೆ ತಪ್ಪಬಾರದು. ಉದ್ಧರಣ ಚಿಹ್ನೆಯೊಳಗೆ 16 ಅಂಕಿ ಇವೆಯೇ ನೋಡಿಕೊಳ್ಳಿ. ಹೊರಗಿನ ಇಂಟ್ ಬಿಟ್ಟರೆ ಸಿಗುವುದು ಸಂಖ್ಯೆಯಲ್ಲ, ಅಕ್ಷರ. ಆಗ 3ಕ್ಕೆ 8 ಕೂಡಿಸಿದರೆ 11ರ ಬದಲು 38 ಬರುತ್ತದೆ, ಕಾಯಿ ಮನೆ ದಾಟಿ ಎಲ್ಲೋ ಹೋಗುತ್ತದೆ. 1, 3, 4, 6 ಬರೆದ ಉದ್ದನೆಯ ಪಗಡೆ ದಾಳ ನಿಮ್ಮಲ್ಲಿದ್ದರೆ ಅದಕ್ಕೂ ಇದೇ ಉಪಾಯ: "1346" ಸಾಕು.

ಆದರೆ ನಿಜವಾದ ಕವಡೆ ನಾಣ್ಯದಂತೆ ಸಮಸಮ ಬೀಳಲೇಬೇಕೆಂದಿಲ್ಲ, ಅದರ ಒಂದು ಮೈ ಉಬ್ಬು. ನಿಮ್ಮ ಕವಡೆಯನ್ನು ನೂರಿನ್ನೂರು ಸಲ ಎಸೆದು ಅಂಗಾತ ಬಿದ್ದ ಪಾಲು ಗುರುತು ಹಾಕಿಕೊಳ್ಳಿ. ಅದು 0.4 ಎಂದಾದರೆ:

ಸಮ್(ರ್ಯಾಂಡಮ್()<0.4 ಫಾರ್ ಐ ಇನ್ "1234") ಆರ್ 8

ಹೋಲಿಕೆ ನಿಜವಾದರೆ ಪೈಥಾನ್ ಅದನ್ನು 1 ಎಂದೇ ಕೂಡುತ್ತದೆ. ಮೊತ್ತ 0 ಆದರೆ ಸುಳ್ಳೆಂದು ಪರಿಗಣಿಸಿ ಬಲಗಡೆಯ 8 ಕೊಡುತ್ತದೆ. ಬಾರಕ್ಕೆ ಬೇರೆ ಇಫ್ ಬೇಕಿಲ್ಲ. ("1234" ಎಂಬುದು ರೇಂಜ್(4)ಗಿಂತ ಎರಡು ಅಕ್ಷರ ಗಿಡ್ಡ, ಅದಕ್ಕಷ್ಟೇ.) ಇದರ ಮುಂದೆ ನೇರ +1 ಹಾಕಿದರೆ ಅದು 8ಕ್ಕೆ ಮಾತ್ರ ಕೂಡಿಕೊಳ್ಳುತ್ತದೆ, ಇಡೀ ಸಾಲಿಗೆ ಆವರಣ ಹಾಕಿ. 0.4ರ ಕವಡೆಯಲ್ಲಿ ಬಾರ ಸುಮಾರು ಶೇ. 13 ಸಲ, ಚೌಕ ಶೇ. 2.6 ಸಲ ಬೀಳುತ್ತದೆ. ಸಮಸಮ ಕವಡೆಯಲ್ಲಾದರೆ ಎರಡೂ ಶೇ. 6.25. ಆಟದ ಸ್ವಾದವೇ ಬದಲಾಗುತ್ತದೆ, ಆದ್ದರಿಂದ ಎಣಿಸುವ ಶ್ರಮ ತೆಗೆದುಕೊಳ್ಳುವುದು ಒಳ್ಳೆಯದು.

ಚೌಕ, ಬಾರ ಬಿದ್ದವರಿಗೆ ಇನ್ನೊಂದು ಎಸೆತ ಕೊಡುವ ನಿಯಮವಿದ್ದರೆ ಗರವನ್ನು 4ರಿಂದ ಭಾಗಿಸಿ ಶೇಷ ನೋಡಿ. ಐದು ಗರಗಳಲ್ಲಿ ಶೇಷ 0 ಬರುವುದು ಈ ಎರಡಕ್ಕೇ.

ಪ್ರಶ್ನೆ: ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಾಭಿನಯದ ಆಟದಲ್ಲಿ ನನ್ನ ಪಾತ್ರಕ್ಕೆ ನಾಲ್ಕು ದಾಳ ಎಸೆದು ಕಡಿಮೆಯದನ್ನು ಬಿಡುವ ಕೋಡ್ ಬರೆದೆ. ಎಷ್ಟು ಸಲ ಓಡಿಸಿದರೂ 15 ದಾಟುವುದಿಲ್ಲ, 9ಕ್ಕಿಂತ ಕೆಳಗೂ ಇಳಿಯುವುದಿಲ್ಲ.
— ಓದುಗರು, ಬೆಂಗಳೂರು

ಉತ್ತರ: ನೀವು ಸ್ಯಾಂಪಲ್ ಬಳಸಿದ್ದೀರಿ. ಅದು ಒಮ್ಮೆ ತೆಗೆದ ಸಂಖ್ಯೆಯನ್ನು ಮತ್ತೆ ತೆಗೆಯುವುದಿಲ್ಲ, ಹಾಗಾಗಿ ಗರಿಷ್ಠ 6+5+4, ಕನಿಷ್ಠ 4+3+2. ಚಾಯ್ಸಸ್ ಬಳಸಿ:

ಸಮ್(ಸಾರ್ಟೆಡ್(ಚಾಯ್ಸಸ್(ರೇಂಜ್(1,7),ಕೆ=4))[1:])

ರೇಂಜ್‌ನಲ್ಲಿ 7 ಎಂದೇ ಇರಬೇಕು, ಕೊನೆಯ ಸಂಖ್ಯೆ ಲೆಕ್ಕಕ್ಕಿಲ್ಲ. ಸಾವಿರಾರು ಸಲ ಓಡಿಸಿ ಸರಾಸರಿ ನೋಡಿ: 12.24ರ ಆಸುಪಾಸು ಬಂದರೆ ಸರಿ. 10.5 ಬಂದರೆ ಮೂರೇ ದಾಳ ಎಸೆಯುತ್ತಿದ್ದೀರಿ.

ಪ್ರಶ್ನೆ: ಅರ್ಡುಯಿನೊ (ಕೋಡ್ ಹಾಕಿ ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ದಾಳ ಆನ್ ಮಾಡಿದಾಗಲೆಲ್ಲ ಅದೇ ಸಂಖ್ಯೆಗಳು, ಅದೇ ಕ್ರಮ.
— ಓದುಗರು, ಶಿವಮೊಗ್ಗ

ಉತ್ತರ: ಯಾದೃಚ್ಛಿಕ ಸಂಖ್ಯೆಗಳ ಸರಣಿ ಎಲ್ಲಿಂದ ಶುರುವಾಗಬೇಕೆಂದು ತಿಳಿಸುವ ಬೀಜಸಂಖ್ಯೆ ಕೊಟ್ಟಿಲ್ಲ. ಖಾಲಿ ಅನಲಾಗ್ ಪಿನ್ ಓದಿ ಕೊಡುವವರಿದ್ದಾರೆ. ಆ ಓದು ಹೆಚ್ಚಾಗಿ ಒಂದು ಸಣ್ಣ ಮಿತಿಯೊಳಗೇ ಸುತ್ತುತ್ತದೆ. ಮೊದಲ ಸಲ ಗುಂಡಿ ಒತ್ತಿದ ಕ್ಷಣದ ಮೈಕ್ರೋಸ್() ಮೌಲ್ಯವನ್ನು (ಆನ್ ಆದಾಗಿನಿಂದ ಕಳೆದ ಮೈಕ್ರೋಸೆಕೆಂಡುಗಳು) ರ್ಯಾಂಡಮ್‌ಸೀಡ್‌ಗೆ ಕೊಡಿ, ಆಮೇಲೆ ರ್ಯಾಂಡಮ್(1,7) ಕರೆಯಿರಿ. ಇಲ್ಲೂ ಮೇಲಿನ ಮಿತಿ 7.